ಬಿಚ್ಚಿಸಿಕೊಂಡ ಸ್ವೆಟರ್

ಪದ್ಮಾಕ್ಷಿಯವರ ಹೆಣಿಗೆ ಬುಟ್ಟಿಯಲ್ಲಿ ಒಂದು ಹಳದಿ ಸ್ವೆಟರ್ ಬೆಳೆಯುತ್ತಿತ್ತು. ತಂಗಿಯ ಕೂಸಿಗೆಂದು ಅವರು ಶುರು ಮಾಡಿದ್ದು ಈಗ ಕುತ್ತಿಗೆಯ ಹತ್ತಿರ ಬಂದಿತ್ತು. ಪಕ್ಕದಲ್ಲಿ ಅರ್ಧ ಮುಗಿದ ಕ್ರೋಶಾ ಮೇಜುಹಾಸು ಮತ್ತು ತೋಳು ಕೂಡಿಸದ ರವಿಕೆ ತಮ್ಮ ಸರದಿ ಕಾಯುತ್ತಿದ್ದವು.

ಒಂದು ಮಧ್ಯಾಹ್ನ, ಕೆಳಗಿನ ಅಂಚಿನ ಬಳಿ ಕುಣಿಕೆಯೊಂದು ಜಾರಿ ತೂತಾಗಿರುವುದು ಸ್ವೆಟರಿಗೆ ತಿಳಿಯಿತು.

"ಮಡಿಕೆಯೊಳಗೆ ಮುಚ್ಚಿಕೊಂಡಿರು," ಎಂದಿತು ಮೇಜುಹಾಸು. "ಅವರ ಕಣ್ಣಿಗೆ ಬಿದ್ದರೆ ನಿನ್ನನ್ನು ಬುಡದವರೆಗೂ ಬಿಚ್ಚುತ್ತಾರೆ."

"ಬಿಚ್ಚಲಿ," ಎಂದಿತು ಸ್ವೆಟರ್. "ಕೂಸು ಕಾಲು ಬಡಿದಂತೆಲ್ಲ ಈ ತೂತು ಅಗಲವಾಗುತ್ತದೆ. ಅದರ ಮೈಮೇಲೆ ಹರಿಯುವುದಕ್ಕಿಂತ ಹೆಣಿಗೆ ಕಡ್ಡಿಯ ಮೇಲಿರುವಾಗಲೇ ಬಿಚ್ಚಿಸಿಕೊಳ್ಳುವುದು ವಾಸಿ."

ಸಂಜೆ ಪದ್ಮಾಕ್ಷಿ ಎತ್ತಿಕೊಂಡಾಗ ಸ್ವೆಟರ್ ತಾನಾಗಿ ಮಗ್ಗುಲು ಹೊರಳಿ, ತೂತು ಅವರ ಬೆರಳಿಗೆ ಸಿಗುವಂತೆ ಮಾಡಿತು. ಅವರು ನಿಟ್ಟುಸಿರು ಬಿಟ್ಟು ಕಡ್ಡಿ ಎಳೆದರು. ಸಾಲು ಸಾಲಾಗಿ ಕಳಚುವಾಗ ಸ್ವೆಟರಿಗೆ ಭಯವಾಗದಿರಲಿಲ್ಲ. ಆದರೂ ಎಲ್ಲಿಯೂ ಸಿಕ್ಕಾಗದೆ ಎಳೆ ಬಿಟ್ಟುಕೊಟ್ಟಿತು. ಕೊನೆಗೆ ಉಳಿದದ್ದು ಬೆರಳಗಲದ ಪಟ್ಟಿ.

"ಇಷ್ಟು ದಿನ ಬೆಳೆದದ್ದೆಲ್ಲ ಹೋಯಿತಲ್ಲ," ಎಂದು ರವಿಕೆ ಮರುಗಿತು.

"ಎಲ್ಲಿಗೆ ಹೋಯಿತು? ಉಣ್ಣೆಯೆಲ್ಲ ಇಲ್ಲೇ ಉಂಡೆಯಾಗಿ ಕೂತಿದೆ," ಎಂದಿತು ಸ್ವೆಟರ್. "ಅವರ ಕೈಗೂ ಈಗ ದಾರಿ ಗೊತ್ತು."

ಆ ಮಾತು ಮುಗಿಯುವಷ್ಟರಲ್ಲಿ ಪದ್ಮಾಕ್ಷಿ ಹೊಸ ಸಾಲು ಹಿಡಿದಿದ್ದರು. ಚಳಿ ಶುರುವಾದಾಗ ತಂಗಿಯ ಕೂಸು ಆ ಹಳದಿ ಸ್ವೆಟರ್ ತೊಟ್ಟು ಮನೆಯೆಲ್ಲ ತೆವಳಿತು, ಬಾಗಿಲಿನ ಕೆಳಗಿನ ಚಿಲಕಕ್ಕೂ ಸಿಕ್ಕಿಸಿಕೊಂಡು ಜಗ್ಗಿತು. ಒಂದು ಕುಣಿಕೆಯೂ ಜಾರಲಿಲ್ಲ.