ಎಡಗೈ ಎತ್ತಿದ ಅಂದಾನಪ್ಪ

ಮುಂಡರಗಿಯ ಹಳೆಯ ಹತ್ತಿ ಗೋದಾಮಿನಲ್ಲಿ ಪೂಜ್ಯ ನೀಲಾಂಬಿಕಾ ತಾಯಿಯವರು ಇಪ್ಪತ್ತೆರಡು ವರ್ಷ ಇದ್ದರು. ಒಂದು ಚಾಪೆ, ಒಂದು ನೀರಿನ ಮಡಕೆ, ಎರಡು ಸೀರೆ. ಮೇಲೆ ತಗಡು. ಪಶ್ಚಿಮಕ್ಕೆ ಒಂದು ದೊಡ್ಡ ಬಾಗಿಲು. ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಬಂದರೆ, "ಉಸುರಿಗೆ ಮನಿ ಎದಕ್ಕ ಬೇಕಪ್ಪ?" ಎಂದು ನಕ್ಕುಬಿಡುತ್ತಿದ್ದರು.

ತಾಯಿಯವರು ಬೆಳಿಗ್ಗೆ ಗಂಡಸರಿಗೆ, ಮಧ್ಯಾಹ್ನ ಹೆಂಗಸರಿಗೆ ಯೋಗ ಕಲಿಸುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಶಿಷ್ಯರೆಲ್ಲ ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕು. ತಾಯಿಯವರೂ ಎಲ್ಲರ ಮುಂದೆ ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತಿದ್ದರು. ಶಿಷ್ಯರಿಗೆ ಕಾಣುತ್ತಿದ್ದುದು ಅವರ ಬೆನ್ನು. ಅವರು ಬಲಗೈ ಎತ್ತಿದರೆ ಹಿಂದಿನವರೆಲ್ಲ ಬಲಗೈ ಎತ್ತುವರು. ಮೊದಲು ಬಲ, ಆಮೇಲೆ ಎಡ. ಅವರ ಗುರುಗಳು ಹಾಗೆ ಕಲಿಸಿದ್ದರು.

ಒಂದು ಬೆಳಿಗ್ಗೆ ಅಲ್ಲಿಗೆ ಗಿರಣಿ ಅಂದಾನಪ್ಪ ಬಂದ.

ಪೇಟೆಯಲ್ಲಿ ಅವನದು ಹಿಟ್ಟಿನ ಗಿರಣಿ. ಹಿಟ್ಟಿನ ಧೂಳು ಕುಡಿದು ಕುಡಿದು ದಮ್ಮು ಹತ್ತಿತ್ತು. ಗೋದಾಮಿಗೆ ಹೋಗಿ ಯೋಗ ಕಲಿ ಎಂದು ಹೆಂಡತಿ ಶಂಕ್ರವ್ವ ಹೇಳಿದರೆ, ಬೆಳಗಿನ ಗಿರಾಕಿಗಳನ್ನು ಯಾರು ನೋಡಬೇಕು ಎನ್ನುತ್ತಿದ್ದ. ಹೇಳಿ ಹೇಳಿ ಸಾಕಾಗಿ ಅವಳೇ ಮಧ್ಯಾಹ್ನ ಹೋದಳು. ತಾನು ಕಲಿತು ಬಂದು ಸಂಜೆ ಅವನಿಗೆ ಕಲಿಸಿದಳು. ಆರು ವರ್ಷ ಕಲಿಸಿದಳು. ಅವನ ದಮ್ಮು ತಗ್ಗಿತು. ಆಮೇಲೆ, ಗಟ್ಟಿಮುಟ್ಟಾಗಿದ್ದ ಶಂಕ್ರವ್ವ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು.

ಎಂಟು ತಿಂಗಳಾಗಿತ್ತು. ಅಂದಾನಪ್ಪನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ದಮ್ಮು ತನಗೆ. ಹೋದವಳು ಅವಳು. ಇದು ಹೇಗೆ? ತಾಯಿಯವರನ್ನೇ ಕೇಳಬೇಕೆಂದು ಬಂದಿದ್ದ. ಬಂದವನು ಚಾಪೆ ಹಾಸಿ ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತ.

ಕೈ ಎತ್ತಿ ಪಕ್ಕಕ್ಕೆ ಬಾಗುವ ಆಸನ. ಎಲ್ಲರ ಬಲಗೈ ಎದ್ದಿತು. ಅಂದಾನಪ್ಪನದು ಎಡಗೈ. ಅದು ಹೋಗಿ ಪಕ್ಕದ ಚೆನ್ನವೀರಪ್ಪ ಮಾಸ್ತರರ ಕಿವಿಗೆ ಬಡಿಯಿತು. ಅವರು ಸಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು.

"ಏ ಅಂದಾನಪ್ಪ, ಊರೆಲ್ಲಾ ಬಲಕ್ಕ ಹೊಂಟ್ರ ನೀ ಒಬ್ಬಾವ ಎಡಕ್ಕ ಹೊಂಟೀಯಲ್ಲೋ. ಗಿರಣಿ ಬೆಲ್ಟ್ ತಿರುವಿ ಹಾಕೀ ಏನು?"

"ನನಗ ಹಿಂಗ ರೂಢಿ ಐತ್ರಿ, ಮಾಸ್ತರ್ರ."

"ಬಿಡಸ್ತೀನಿ ಬಾ. ಮೂವತ್ತು ವರ್ಷ ಹುಡುಗೂರಿಗೆ ಲೆಫ್ಟ್ ರೈಟ್ ಕಲಿಸೀನಿ. ನೀ ಯಾವ ಗಿಡದ ತೊಪ್ಪಲ?"

ಮರುದಿನ ಮಾಸ್ತರರು ಅವನ ಬಲಗೈಗೆ ಒಂದು ಕೆಂಪು ದಾರ ಕಟ್ಟಿದರು. ದಾರ ಇದ್ದ ಕೈ ಮೊದಲು ಏಳಬೇಕು. ಅಂದಾನಪ್ಪ ದಾರ ನೋಡಿ ನೋಡಿ ಎತ್ತಿದ. ಕೈ ಸರಿಹೋಯಿತು. ಒಳಗೆ ಏನೋ ಕೆಟ್ಟಿತು.

ಮನೆಯಲ್ಲಿ ಕಣ್ಣು ಮುಚ್ಚಿ ಎಡಗೈ ಎತ್ತಿದರೆ ಎದುರಿಗೆ ಶಂಕ್ರವ್ವ ನಿಂತಿರುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂಗಿನ ಮೇಲೆ ಬೆವರು. ಎಂಟು ತಿಂಗಳೂ ಹಾಗೆ ಬಂದಿದ್ದಳು. ಇಲ್ಲಿ ಬಲಗೈ ಎತ್ತಿ ಕಣ್ಣು ಮುಚ್ಚಿದ. ಯಾರೂ ಇಲ್ಲ.

ಮೂರನೆಯ ದಿನವೂ ಇಲ್ಲ. ಎದೆಯಲ್ಲಿ ಉಸಿರು ಸಿಕ್ಕಿಕೊಂಡಿತು. ಅಂದಾನಪ್ಪನಿಗೆ ತಿಳಿಯದಾಯಿತು. ತಿದ್ದಿಕೊಂಡರೆ ಅವಳು ಹೋಗುತ್ತಾಳೆ. ತಿದ್ದಿಕೊಳ್ಳದಿದ್ದರೆ ಗುರುವಿನ ಪದ್ಧತಿ ಮೀರಿದಂತೆ. ಹಾಗಾದರೆ ಅವಳು ತಪ್ಪು ಕಲಿಸಿದಳೇ? ಆರು ವರ್ಷವೂ ತಪ್ಪೇ? ತಪ್ಪಾದರೆ ದಮ್ಮು ಹೇಗೆ ತಗ್ಗಿತು? ಒಂದಕ್ಕೊಂದು ಕೂಡಲಿಲ್ಲ.

ಚಾಪೆ ಸುತ್ತಿದ. ಬಾಗಿಲ ತನಕ ಹೋದ. ಅಲ್ಲಿ ನಿಂತು, ತಾಯಿಯವರ ಬೆನ್ನಿಗೆ ಹೇಳಿದ:

"ದಮ್ಮು ನನಗ ಇತ್ತು ತಾಯಿ. ಹೋದಾಕಿ ಆಕಿ. ಈಗ ಆಕಿ ಕಲಿಸಿದ್ದೂ ಸುಳ್ಳು ಅಂತಾರ. ನಾ ಇನ್ನ ಬರಂಗಿಲ್ಲ."

ತಾಯಿಯವರು ತಿರುಗಿದರು. ಅಭ್ಯಾಸದ ನಡುವೆ ಅವರು ಪೂರ್ವದಿಂದ ಮುಖ ತಿರುಗಿಸಿದ್ದನ್ನು ಯಾರೂ ಕಂಡಿರಲಿಲ್ಲ.

"ಶಂಕ್ರವ್ವ ಯಾಕ ಹೋದಳು ಅನ್ನೂದು ನನಗ ಗೊತ್ತಿಲ್ಲಪ್ಪ," ಎಂದರು. "ಆಕಿ ಹೆಂಗ ನಿಂತು ಕಲಿಸಿದಳು?"

"ಎದುರಿಗೆ ನಿಂತು. ಮೊದಲಿಗೆ ನಿಮ್ಮಂಗ ಬೆನ್ನ ಮಾಡಿ ನಿಂತಿದ್ಲು. ನಾನ ಬೈದೆ. ಬೆನ್ನ ನೋಡಿ ನನಗೇನೂ ತಿಳಿಯಂಗಿಲ್ಲ, ಈಕಡೆ ತಿರುಗು ಅಂದೆ."

ತಾಯಿಯವರು ಸಾಲುಗಳ ನಡುವೆ ನಡೆದು ಬಂದರು. ಅಂದಾನಪ್ಪನ ಎದುರಿಗೆ, ಪೂರ್ವಕ್ಕೆ ಬೆನ್ನು ಮಾಡಿ ನಿಂತರು. ತಮ್ಮ ಬಲಗೈ ಎತ್ತಿದರು. ಅಂದಾನಪ್ಪ ಚಾಪೆ ಕೆಳಗಿಟ್ಟ. ಅವನ ಎಡಗೈ ತಾನೇ ಎದ್ದಿತು. ತಾಯಿಯವರು ಬಾಗಿದ ಕಡೆಗೇ ಅವನೂ ಬಾಗಿದ. ಇಬ್ಬರ ಕೈಗಳೂ ಒಂದೇ ದಿಕ್ಕಿಗೆ ಇದ್ದವು.

"ಕನ್ನಡಿ ಮುಂದ ನಿಂತಂಗ ಕಲತಾನ," ಎಂದರು ತಾಯಿಯವರು. "ಮಾಸ್ತರ, ಆ ದಾರ ಬಿಚ್ಚು."

ಮಾಸ್ತರರು ಬಿಚ್ಚಿದರು.

"ಹಂಗಾರ ಎಡಾ ಖರೇನೋ, ಬಲಾ ಖರೇನೋ, ತಾಯಿ?" ಎಂದ ಅಂದಾನಪ್ಪ.

"ನಾಳೆ ನೀ ಒಬ್ಬರಿಗೆ ಕಲಿಸು. ಆಮ್ಯಾಲ ನನ್ನ ಕೇಳು."

ಅಷ್ಟೇ ಹೇಳಿ ತಾಯಿಯವರು ತಮ್ಮ ಜಾಗಕ್ಕೆ ಹೋದರು. ಅಂದಾನಪ್ಪನಿಗೆ ಏನೂ ಅರ್ಥವಾಗಲಿಲ್ಲ. ತನಗೇ ಎಡಬಲ ತಿಳಿಯದು, ತಾನು ಯಾರಿಗೆ ಕಲಿಸುವುದು? ಗಿರಣಿಯಲ್ಲಿ ಆ ದಿನ ಒಬ್ಬರ ಜೋಳಕ್ಕೆ ಇನ್ನೊಬ್ಬರ ಗೋಧಿ ಸುರಿದು ಬೈಸಿಕೊಂಡ.

ಮರುದಿನ ಗೋದಾಮಿಗೆ ರಾಜೇಸಾಬ ಬಂದಿದ್ದ. ಗಾದಿ ಮಾಡುವವನು. ಹತ್ತಿಯ ಧೂಳಿಗೆ ಅವನಿಗೂ ದಮ್ಮು. ತಾಯಿಯವರು ಅವನನ್ನು ಅಂದಾನಪ್ಪನ ಕಡೆ ಕಳಿಸಿದರು.

ಅಂದಾನಪ್ಪ ಪದ್ಧತಿಯಂತೆ ಪೂರ್ವಕ್ಕೆ ತಿರುಗಿ ನಿಲ್ಲಲು ಹೋದ.

"ಅಂದಾನಪ್ಪಣ್ಣ, ಈಕಡೆ ತಿರುಗ್ರಿ," ಎಂದ ರಾಜೇಸಾಬ. "ಬೆನ್ನಿಗೆ ಮುಖ ಐತೇನು, ನೋಡಿ ಕಲಿಯಾಕ?"

ಅಂದಾನಪ್ಪ ತಿರುಗಿದ. ಎಡಗೈ ಎತ್ತಿದ. ಅವನಿಗೆ ಬರುತ್ತಿದ್ದುದು ಅದೊಂದೇ. ಎದುರಿನ ರಾಜೇಸಾಬನ ಕೈಯೂ ಎದ್ದಿತು. ಅಂದಾನಪ್ಪ ಆ ಕೈ ನೋಡಿದ. ತಿರುಗಿ ತಾಯಿಯವರ ಕೈ ನೋಡಿದ. ಮತ್ತೆ ಇದನ್ನು ನೋಡಿದ.

ಬಲಗೈ. ತಾಯಿಯವರು ಎತ್ತಿದ್ದೂ ಬಲಗೈ. ಶಂಕ್ರವ್ವ ಇಲ್ಲಿಂದ ಏನನ್ನು ಒಯ್ದಿದ್ದಳೋ ಅದು ತನ್ನ ಮೈಯಲ್ಲಿ ತಿರುವುಮುರುವಾಗಿ ಇದ್ದು, ಈಗ ಇವನಲ್ಲಿ ನೆಟ್ಟಗಾಗಿ ನಿಂತಿತ್ತು.

"ಯಾಕ ಹಿಂಗ ನೋಡಾಕ ಹತ್ತೀರಿ? ತಪ್ಪಾತೇನು?"

"ಇಲ್ಲಪ್ಪ. ಬರೋಬ್ಬರಿ ಐತಿ." ಅಂದಾನಪ್ಪ ಪಕ್ಕಕ್ಕೆ ಬಾಗಿದ. "ಉಸುರು ಬಿಡು. ಸಾವಕಾಶ. ಇನ್ನೂ ಸಾವಕಾಶ."

ಎಡ ಖರೆಯೋ ಬಲ ಖರೆಯೋ ಎಂದು ಅಂದಾನಪ್ಪ ಮತ್ತೆ ಕೇಳಲಿಲ್ಲ. ಶಂಕ್ರವ್ವ ಯಾಕೆ ಹೋದಳೆಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆದರೆ ದಮ್ಮು ಹತ್ತಿದವರು ಯಾರು ಬಂದರೂ ತಾಯಿಯವರು ಅವನ ಕಡೆಗೇ ಕಳಿಸುತ್ತಿದ್ದರು. ಅವನು ಎದುರಿಗೆ ನಿಂತು ಎಡಗೈ ಎತ್ತುತ್ತಿದ್ದ. ಎದುರಿನವರ ಉಸಿರು ಎಲ್ಲಿ ಸಿಕ್ಕಿಕೊಳ್ಳುವುದೋ ಎಂದು ನೋಡುತ್ತ ನಿಂತವನಿಗೆ, ಶಂಕ್ರವ್ವನನ್ನು ಕಾಣಲು ಕಣ್ಣು ಮುಚ್ಚುವುದು ನೆನಪಾಗುತ್ತಿರಲಿಲ್ಲ.