ಮರಳುನಾಡಿನ ಹಾಲುತಾಯಿ

ಒಂದಾನೊಂದು ಕಾಲದಲ್ಲಿ, ಹಾಗಂತ ತೀರಾ ಹಿಂದೇನಲ್ಲ ಪುಟ್ಟೀ, ನಮ್ಮಜ್ಜಿ ಲಂಗ ಉಟ್ಕೊಂಡು ಓಡಾಡ್ತಿದ್ದ ಕಾಲ, ಸಮುದ್ರದ ಆಚೆ ಒಂದು ಮರಳುನಾಡಿತ್ತಂತೆ. ಅಲ್ಲಿ ಒಂದು ಹೊಳೆ ಇಲ್ಲ, ಒಂದು ಕೆರೆ ಇಲ್ಲ, ಎತ್ತ ನೋಡಿದ್ರೂ ಮರಳೇ. ಜನ ಒಂಟೆ ಕಾಯ್ತಾ, ಖರ್ಜೂರ ತಿಂತಾ, ದಿನಕ್ಕೆ ಐದು ಹೊತ್ತು ನಮಾಜು ಮಾಡ್ತಾ, ನೀರಿದ್ದ ಕಡೆ ಗುಡಾರ ಹಾಕ್ಕೊಂಡು ಬದುಕ್ತಿದ್ರಂತೆ. ರಾಜನ ಮನೇನೂ ಮಣ್ಣಿನ ಗೋಡೇದೇ ಅಂತೆ.

ಆ ರಾಜನಿಗೆ ಮಾಜಿದ್ ಅಂತ ಒಬ್ಬ ಮಗ ಹುಟ್ಟಿದ. ಹೆತ್ತ ತಾಯಿ ಬಾಣಂತನದಲ್ಲೇ ತೀರ್ಕೊಂಡ್ಲಂತೆ. ಆಮೇಲೆ ಮಗೂನ ತಗೊಂಡ್ಹೋಗಿ ಮರಳುಗಾಡಿನಲ್ಲಿ ಒಂಟೆ ಕಾಯೋರ ಹೆಂಗಸು ಶಮ್ಮಾಳ ಮಡಿಲಿಗೆ ಹಾಕಿದ್ರಂತೆ. ಅವಳಿಗೂ ಹಮ್ದಾನ್ ಅಂತ ಎಳೇ ಕೂಸು. ಇಬ್ಬರಿಗೂ ಹಾಲು ಕುಡಿಸಿ, ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿ ಬೆಳೆಸಿದ್ಲಂತೆ. ಆ ನಾಡಲ್ಲಿ ಹಾಲು ಕೊಟ್ಟೋಳು ಹೆತ್ತೋಳಿಗೆ ಸಮ ಕಣೇ, ಒಂದೇ ಹಾಲು ಕುಡಿದೋರು ಅಣ್ಣತಮ್ಮಂದಿರು.

ಆಮೇಲೆ ಮಾಜಿದ್ ದೊಡ್ಡವನಾಗಿ ರಾಜನಾದ. ರಾಜನಾದ್ರೂ ವರ್ಷಕ್ಕೊಂದ್ಸಲ ಶಮ್ಮಾಳ ಗುಡಾರಕ್ಕೆ ಬಂದು, ಅವಳ ಬಾವೀಲಿ ತಾನೇ ನೀರು ಸೇದಿ ಒಂಟೆಗಳಿಗೆ ಕುಡಿಸಿ ಹೋಗ್ತಿದ್ದನಂತೆ.

ಹೀಗಿರ್ಬೇಕಾದ್ರೆ ದೂರದೇಶದೋರು ಬಂದು ಆ ನೆಲ ಮೂಸಿ ನೋಡಿ, ಇದರಡಿ ಕರೀ ಎಣ್ಣೆ ಇದೆ ಅಂದ್ರಂತೆ. ನಮ್ಮ ಬಸ್ಸು ಓಡುತ್ತಲ್ಲ, ಆ ಎಣ್ಣೆ. ಅದು ಜಾಸ್ತಿ ಇದ್ದದ್ದು ಎಲ್ಲಿ ಅಂತೀಯಾ? ಶಮ್ಮಾಳ ಬಾವಿ ಪಕ್ಕದಲ್ಲೇ.

ಮಂತ್ರಿಗಳು ಬಂದು ಅಲ್ಲಿ ಅಗೀಲಾ ಅಂತ ಕೇಳಿದ್ರಂತೆ. ಅದು ನಮ್ಮಮ್ಮನ ಬಾವಿ, ಮುಟ್ಟಬೇಡಿ ಅಂದ ರಾಜ. ಆಮೇಲೆ ಇನ್ನೊಂದ್ಸಲ ಬಂದು, ಸ್ವಾಮಿ, ಜನಕ್ಕೆ ಆಸ್ಪತ್ರೆ ಇಲ್ಲ, ರಸ್ತೆ ಇಲ್ಲ ಅಂದ್ರು. ನೋಡೋಣ ಅಂದ. ಮೂರನೇ ಸಲ ಬಂದಾಗ ರಾಜ ಏನೂ ಅನ್ನದೆ ಕಿಟಕಿ ಕಡೆ ತಿರುಗಿ ಕೂತನಂತೆ. ಅವರು ಅದನ್ನೇ ಒಪ್ಪಿಗೆ ಅಂದ್ಕೊಂಡು ಹೋದ್ರಂತೆ.

ಆಮೇಲೆ ಅಗೆದ್ರು. ಎಣ್ಣೆ ಆಳೆತ್ತರ ಚಿಮ್ತು, ಪಟ್ಟಣದಲ್ಲಿ ಕುಣಿದಾಡಿದ್ರಂತೆ. ಇತ್ಲಾಗೆ ಶಮ್ಮಾಳ ಬಾವಿ ನೀರು ನಾರೋಕೆ ಶುರುವಾಯ್ತು, ಒಂಟೆಗಳು ಮೂಸಿ ಹಿಂದೆ ಸರಿದ್ವಂತೆ. ಹಮ್ದಾನ್, ಅಮ್ಮಾ, ತಳದಲ್ಲಿ ಒಳ್ಳೇ ನೀರಿರಬೋದು, ನೋಡ್ತೀನಿ ಅಂತ ಹಗ್ಗ ಹಿಡ್ಕೊಂಡು ಇಳಿದ. ತಳದಲ್ಲಿ ವಿಷಗಾಳಿ ತುಂಬಿತ್ತು ಕಣೇ. ಶಮ್ಮಾ ಕೂಗಿದ್ಲು, ಹಗ್ಗ ಜಗ್ಗಿದ್ಲು, ಮತ್ತೆ ಕೂಗಿದ್ಲು. ಅವನು ಓ ಅನ್ಲಿಲ್ಲ.

ಮಗನ್ನ ಮಣ್ಣು ಮಾಡಿ, ಅವನ ತಾಯಿಲ್ಲದ ಪುಟ್ಟ ಮಗಳು ಅಫ್ರಾನ ಕಂಕುಳಲ್ಲಿ ಎತ್ಕೊಂಡು ಅಲ್ಲಿಂದ ಹೊರಟುಹೋದ್ಲಂತೆ.

ಆಮೇಲೆ ಆ ನಾಡಿಗೆ ಬಂದ ಐಸಿರಿ ಏನು ಹೇಳ್ಲಿ! ಗಾಜಿನ ಮನೆಗಳು, ಕನ್ನಡಿಯಂಥ ರಸ್ತೆಗಳು, ಬಿಸಿಲಲ್ಲೂ ತಣ್ಣಗಿರೋ ಕೋಣೆಗಳು. ನಮ್ಮ ಕಡೆಯೋರೂ ಹಡಗು ಹತ್ತಿ ಕೆಲ್ಸಕ್ಕೆ ಹೋದ್ರಂತೆ. ಆದ್ರೆ ಅಗೆದ ಆ ವರ್ಷವೇ ರಾಜ ಹಾಲುತಾಯಿನ ನೋಡೋಕೆ ಹೋದ್ರೆ ಗುಡಾರವೇ ಇಲ್ಲ. ಕಬ್ಬಿಣದ ಗೋಪುರ, ಅದರ ತುದೀಲಿ ಉರೀತಿರೋ ಬೆಂಕಿ. ಕೆಲ್ಸದೋನೊಬ್ಬ ಹಮ್ದಾನನ ಗೋರಿ ತೋರಿಸಿದ. 

ಆಮೇಲೆ ಶಮ್ಮಾಳನ್ನ ಹುಡುಕ್ಕೊಂಡು ಸೈನ್ಯ ತಗೊಂಡು ಹೋದ. ಜನ ಹೆದರಿ ಬಾಯೇ ಬಿಡ್ಲಿಲ್ಲ. ಉಡುಗೊರೆ ಹೇರ್ಕೊಂಡು ಹೋದ. ಉಡುಗೊರೆ ಆಸೆಗೆ ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದ್ರು. ಕೊನೆಗೆ ಒಬ್ಬನೇ ಬರಿಗಾಲಲ್ಲಿ ಹೋದ. ಅವನ ಕಾಲಲ್ಲಿ ಬೊಬ್ಬೆ ಎದ್ದಿದ್ದು ನೋಡಿ ಒಬ್ಬ ಮುದುಕ ಮರುಗಿ ದಾರಿ ಹೇಳಿದನಂತೆ.

ಜಾಲಿಮರದ ಕೆಳಗೆ ಶಮ್ಮಾ ಒಂದು ಬೊಗಸೆ ನೀರಲ್ಲಿ ಹಿಟ್ಟು ನಾದ್ತಾ ಕೂತಿದ್ಲು. ರಾಜ ಮರಳ ಮೇಲೆ ಬಿದ್ದು ಅತ್ತ.

ಅಮ್ಮಾ, ಅಗೀರಿ ಅಂತ ನಾನು ಹೇಳ್ಲಿಲ್ಲಮ್ಮಾ.

ಕೊನೇಗೆ ಬೇಡ ಅಂತಾನೂ ಹೇಳ್ಲಿಲ್ವಲ್ಲೋ ಮಗಾ.

ರಾಜ ಅರಮನೆಗೆ ಬಾ ಅಂತ ಕರೆದ, ಅವಳು ಒಲ್ಲೆ ಅಂದ್ಲು. ಏನು ಕೊಡ್ಲಿ ಅಂದ. ನನಗೇನೂ ಬೇಡ, ಮರಳುಗಾಡಿನ ಒಂದೊಂದು ಗುಡಾರಕ್ಕೂ ಸಿಹಿನೀರು ಬರ್ಲಿ, ಅಲ್ಲೀವರ್ಗೂ ನನ್ನ ಅಮ್ಮ ಅನ್ಬೇಡ ಅಂದ್ಲಂತೆ.

ಆಮೇಲೆ ರಾಜ ಸಮುದ್ರದ ಉಪ್ಪುನೀರನ್ನ ಸಿಹಿ ಮಾಡಿಸಿ, ಮರಳಡಿ ಕೊಳವೆ ಹಾಕಿಸೋಕೆ ನಿಂತ. ಅದು ಮುಗಿಯೋ ಹೊತ್ತಿಗೆ ಅವನ ಗಡ್ಡ ಬೆಳ್ಳಗಾಗಿತ್ತಂತೆ. ಜಾಲಿಮರದ ಹತ್ರ ನೀರು ಬಂದ ದಿನ ಶಮ್ಮಾ ರೊಟ್ಟಿ ಸುಟ್ಟು, ದೊಡ್ಡ ಹರಿವಾಣದಲ್ಲಿ ಮೂವರಿಗಾಗೋಷ್ಟು ಬಡಿಸಿದ್ಲು. ಒಂದು ಕಡೆ ತಾನು ಕೂತ್ಲು, ಒಂದು ಕಡೆ ರಾಜನ್ನ ಕೂರಿಸಿದ್ಲು, ಇನ್ನೊಂದು ಜಾಗ ಹಮ್ದಾನನಿಗೆ ಅಂತ ಹಾಗೇ ಬಿಟ್ಲು. ಇಬ್ಬರೂ ರೊಟ್ಟಿ ಮುಟ್ಟದೆ ಆ ಜಾಗ ನೋಡ್ತಾ ಕೂತ್ರು. ಅಷ್ಟರಲ್ಲಿ ಆಳೆತ್ತರ ಬೆಳೆದಿದ್ದ ಅಫ್ರಾ, ಮುಖ ತೊಳ್ಕೊಂಡು ನೀರು ತೊಟ್ಟಿಕ್ಕಿಸ್ತಾ ಓಡಿಬಂದು, ಏನೂ ಕೇಳ್ದೆ ಅಲ್ಲಿ ಕೂತ್ಕೊಂಡು ರೊಟ್ಟಿ ಮುರಿದ್ಲಂತೆ.

ಉಣ್ಣು ಮಗಾ, ಆರಿಹೋಗುತ್ತೆ ಅಂದ್ಲಂತೆ ಶಮ್ಮಾ ರಾಜನಿಗೆ.

ಆಗ ರಾಜ ಅಮ್ಮಾ ಅಂದನಂತೆ.

ಅವರು ಅಲ್ಲೇ ನೆಮ್ಮದಿಯಾಗಿದ್ರು, ಕತೆ ಮುಗೀತು. ಯಾಕೇ, ಅಳ್ತಿದ್ದೀಯಾ? ಇತ್ಲಾಗೆ ಬಾ, ನನ್ನ ತೋಳ ಮೇಲೆ ಮಲ್ಕೋ.