ಕೆಂಬೂತ ಬೇಲಿಬುಡದಲ್ಲಿ ಏನು ಹುಡುಕುತ್ತದೆ?

ಭೂಮಿ ಆಗ ತಾನೇ ಹೆಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಬಿಸಿಬಿಸಿಯಾಗಿದ್ದ ಕಾಲ. ಬೆಳೆಯುವವರಿಗೆಲ್ಲ ಹೊತ್ತು ನೋಡಿ "ಸಾಕು" ಅನ್ನುವುದು ಗಾಳಿಯ ಕೆಲಸ. ಬೆಟ್ಟಕ್ಕೆ ಸಾಕು ಅಂದಿತು, ಬೆಟ್ಟ ನಿಂತಿತು. ಇಲಿಗೆ ಸಾಕು ಅಂದಿತು, ಇಲಿ ನಿಂತಿತು. ಹಾವಿಗೆ ಹೇಳುವಾಗ ಮಾತ್ರ ಸ್ವಲ್ಪ ತಡವಾಯಿತು, ಇರಲಿ.

ಆ ಕಾಲದಲ್ಲಿ ಕೆಂಚರಾಯ ಅಂತ ಒಬ್ಬ ಕೆಂಬೂತ ಇದ್ದ. ಕಾಡಿಗೆಲ್ಲ ಅವನೇ ವೈದ್ಯ. ಕಾಡಿಗೆ ತೀಡಿದಂಥ ಕಪ್ಪು ಕಣ್ಣು, ಮೋಡ ಮುಟ್ಟುವ ಹಾರಾಟ, ಅದಕ್ಕಿಂತ ಎತ್ತರದ ಬಡಾಯಿ.

"ಬೆಟ್ಟದ ಬೆನ್ನುನೋವು ವಾಸಿ ಮಾಡಿದ್ದು ಯಾರು? ನಾನು! ಅದಕ್ಕೇ ಮಲಗದೆ ನೆಟ್ಟಗೆ ಕೂತಿದೆ. ಹೊಳೆಯ ಮಂಡಿಗೆ ಎಣ್ಣೆ ತಿಕ್ಕಿದವನೂ ನಾನೇ. ಅವತ್ತಿನಿಂದ ಅದು ಒಂದು ಗಳಿಗೆ ನಿಂತಿದ್ದರೆ ಕೇಳಿ!"

"ಹೊಳೆಗೆ ಮಂಡಿ ಎಲ್ಲಿದೆ?" ಅನ್ನುತ್ತಿದ್ದಳು ಹೆಂಡತಿ ಹೊನ್ನಿ.

"ತಿರುವಿನಲ್ಲಿದೆ ಕಣೇ!"

ಒಂದು ಬೆಳಿಗ್ಗೆ ಬಸವನಹುಳು ನುಂಗುತ್ತಿದ್ದ ಹೊನ್ನಿ ತಟ್ಟನೆ ನಿಂತಳು. "ಏನ್ರೀ, ಗಂಟಲಲ್ಲಿ ಏನೋ ತಡೀತಿದೆ."

ಕೆಂಚರಾಯ ಕೊಕ್ಕಿನಿಂದ ಅವಳ ಕತ್ತಿನ ಪುಕ್ಕ ಸರಿಸಿ ನೋಡಿದ. ಜೋಳದ ಕಾಳಿನಷ್ಟು ಒಂದು ಗಂಟು.

"ಇಷ್ಟೇನಾ? ಊದಿದರೆ ಹಾರಿಹೋಗುತ್ತೆ!"

ಅರಿಶಿನ ಅರೆದು ಹಚ್ಚಿದ. ಗಂಟು ಹುಣಸೆಬೀಜದಷ್ಟಾಯಿತು. ತುಳಸಿ ರಸ ಹಿಂಡಿದ. ಗಂಟು ನೆಲ್ಲಿಕಾಯಿಯಷ್ಟಾಯಿತು. ಹೊನ್ನಿಗೆ ಹುಳು ಇಳಿಯದಾಯಿತು, ಆಮೇಲೆ ನೀರೂ ಇಳಿಯದಾಯಿತು. ಅವನು ಎಷ್ಟು ಬಡಾಯಿ ಕೊಚ್ಚಿದರೂ ಅವಳು ಎದುರು ಮಾತಾಡಲಿಲ್ಲ. ಆಗ ಕೆಂಚರಾಯನಿಗೆ ನಿಜವಾಗಿ ಹೆದರಿಕೆಯಾಯಿತು.

ಗಾಳಿಯನ್ನು ಕೇಳಿದ. ಗಾಳಿ ತಲೆ ತಗ್ಗಿಸಿತು.

"ನಾನು ಸಾಕು ಅಂದೆ ಕೆಂಚಣ್ಣ. ಆ ಒಂದು ಚೂರು ಮಾಂಸ ಕಿವಿ ಮುಚ್ಚಿಕೊಂಡಿದೆ. ಬೆಳೀತಾನೇ ಇದೆ."

ಆಗ ಬೇಲಿಬುಡದಿಂದ ನಿತ್ಯಪುಷ್ಪದ ಗಿಡ ಕರೆಯಿತು. "ವೈದ್ಯರೇ, ನನ್ನ ಎಲೆಯ ಹಾಲಿಗೂ ಸಾಕು ಅನ್ನೋದು ಗೊತ್ತು. ಆದರೆ ಅದಕ್ಕೆ ಗಂಟು ಯಾವುದು, ಗುಂಡಿಗೆ ಯಾವುದು ಅಂತ ಗೊತ್ತಿಲ್ಲ. ಸಾಸಿವೆಯಷ್ಟು ಕೊಟ್ಟು ನೋಡಿ. ಹೆಚ್ಚಾದರೆ ಹೊನ್ನಕ್ಕನಿಗೇ ಸಾಕು ಅಂದುಬಿಡುತ್ತೆ."

"ಸಾಸಿವೆಯಷ್ಟು ಕೊಡೋಕೆ ನಾನೇನು ಚಿಲ್ಲರೆ ವೈದ್ಯನೇ?" ಅಂದ ಕೆಂಚರಾಯ, ಕೊಕ್ಕಿನ ತುಂಬ ಎಲೆ ಕಿತ್ತುಕೊಂಡು ಹೊನ್ನಿ ಕೂತಿದ್ದ ಕೊಂಬೆಗೆ ಹಾರಿದ.

ಕಾಡಿನ ವೈದ್ಯರಿಗೆ ಒಂದು ಕಟ್ಟಳೆ ಇತ್ತು. ರೋಗಿಗೆ ಕೊಡುವ ಮದ್ದನ್ನು ವೈದ್ಯ ಮೊದಲು ತಾನು ನುಂಗಬೇಕು. ಕೆಂಚರಾಯ ಯಾವತ್ತೂ ಕೊಕ್ಕಿನ ತುದಿಗೆ ತಾಗಿಸಿ, ಮೆಲ್ಲಗೆ ಪಕ್ಕಕ್ಕೆ ಉಗಿದು, "ಚೆನ್ನಾಗಿದೆ" ಅನ್ನುವವನು.

ಹೊನ್ನಿ ಕೊಕ್ಕು ಬಿಗಿದುಕೊಂಡಳು. "ನೀವು ಉಗಿಯೋದನ್ನ ನಾನು ನೋಡಿಲ್ಲ ಅಂದ್ಕೊಂಡಿದ್ದೀರಾ? ಮೊದಲು ನುಂಗಿ."

ಮರ್ಯಾದೆಯ ಪ್ರಶ್ನೆ. ಕೆಂಚರಾಯ ಒಂದೇ ಒಂದು ಎಲೆ ನುಂಗಿದ.

ಗಂಟಲಿಗೆ ಬೆಂಕಿ ಬಿತ್ತು. ಕಣ್ಣಿಗೆ ರಕ್ತ ಏರಿತು. ರೆಕ್ಕೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಕೊಂಬೆಯಿಂದ ಜಾರಿ ದೊಪ್ಪೆಂದು ಬೇಲಿಯ ಮೇಲೆ ಬಿದ್ದ. ಅಲ್ಲಿ ಬಿದ್ದುಕೊಂಡೇ, ಮೇಲೆ ಉಳಿದ ಎಲೆಗಳ ರಾಶಿ ನೋಡಿದ. ಅಷ್ಟನ್ನೂ ಹೊನ್ನಿಗೆ ತಿನ್ನಿಸಲಿದ್ದೆನಲ್ಲ!

ಹಾರಲು ಆಗಲಿಲ್ಲ. ಮುಳ್ಳು ಹಿಡಿದು ಹತ್ತಿದ. ಸಾಸಿವೆಯಷ್ಟು ಎಲೆ ಚಿವುಟಿ ಹೊನ್ನಿಗೆ ಕೊಟ್ಟ. ಉಸಿರು ನೋಡಿದ. ಕಾದ. ಇನ್ನೊಂದು ಚೂರು ಕೊಟ್ಟ. ಮತ್ತೆ ಕಾದ. ಹೊನ್ನಿಯ ಪುಕ್ಕ ಉದುರಿತು, ಕಾಲು ನಡುಗಿತು. "ನನ್ನನ್ನ ಸ್ವಲ್ಪ ಬಿಡ್ರೀ" ಅಂತ ಅವಳು ಕೆಳಗಿಳಿದು ಕುಂಟುತ್ತ ಆಚೆ ಬೇಲಿಯೊಳಗೆ ಹೋದಳು.

ಬಿಸಿಲು ಏರಿತು. ಆಚೆ ಬೇಲಿಯಲ್ಲಿ ಒಂದು ಎಲೆಯೂ ಅಲ್ಲಾಡಲಿಲ್ಲ.

ಕೆಂಚರಾಯ ಕರೆದ. ಸುಟ್ಟ ಗಂಟಲು, ಮಡಕೆಯೊಳಗಿಂದ ಬಂದ ಹಾಗೆ ಬಂತು ದನಿ. "ಹೂಪ್..."

ಗಾಳಿಯೂ ಉಸಿರು ಹಿಡಿಯಿತು.

"ಹೂಪ್... ಹೂಪ್..."

ಬಹಳ ಹೊತ್ತಿನ ಮೇಲೆ ಆಚೆಯಿಂದ, ಅವನಿಗಿಂತ ಆಳವಾದ ದನಿ: "ಹೂಪ್."

ಕೆಂಚರಾಯ ಎದ್ದೂ ಬಿದ್ದೂ ಓಡಿದ. ಹೊನ್ನಿ ನೀರು ಕುಡಿಯುತ್ತಿದ್ದಳು. ನೀರು ಇಳಿಯುತ್ತಿತ್ತು!

"ಹೋಯಿತೇ?" ಗಾಳಿ ಕೇಳಿತು.

ಅವಳ ಕತ್ತಿನ ಪುಕ್ಕ ಸರಿಸಿದ. ಜೀವಮಾನದಲ್ಲಿ ಮೊದಲ ಸಲ ಬಡಾಯಿ ಇಲ್ಲದೆ ಹೇಳಿದ. "ಹೋಗಿಲ್ಲ. ಕುಗ್ಗಿದೆ."

"ನನ್ನೊಬ್ಬಳಿಂದ ಪೂರ್ತಿ ಆಗದು, ವೈದ್ಯರೇ," ಅಂದಿತು ನಿತ್ಯಪುಷ್ಪ. "ಇನ್ನೂ ಗಿಡಗಳಿವೆ. ಹುಡುಕಿ."

ಅದಕ್ಕೇ ಮಕ್ಕಳೇ, ನಿತ್ಯಪುಷ್ಪದ ಎಲೆಗೆ ಮೇಕೆ ಕೂಡ ಬಾಯಿ ಹಾಕುವುದಿಲ್ಲ, ನೀವೂ ಹಾಕಬೇಡಿ. ಕೆಂಪುಕಣ್ಣಿನ ಕೆಂಬೂತ ಮಾತ್ರ ಇವತ್ತಿಗೂ ಹೆಚ್ಚು ಹಾರದೆ, ಬೇಲಿಬುಡದಲ್ಲಿ ಒಂದೊಂದೇ ಎಲೆ ಮಗುಚಿ ನೋಡುತ್ತ ನಡೆಯುತ್ತದೆ, ನಡುನಡುವೆ ನಿಂತು "ಹೂಪ್" ಅನ್ನುತ್ತದೆ, ಆಚೆ ಬೇಲಿಯಿಂದ ಉತ್ತರ ಬರುವವರೆಗೂ ಮುಂದಿನ ಹೆಜ್ಜೆ ಇಡುವುದಿಲ್ಲ.